ಒಣಕಸದ ಷೆಡ್ಡಿನಲ್ಲಿ ಉಳಿದ ರಾಶಿ: ವೃತ್ತಾಕಾರದ ಆರ್ಥಿಕತೆಯ ನೀತಿಯನ್ನು ನಿಜವಾಗಿ ರೂಪಿಸುವ ಅಧಿಕಾರಿ ಯಾರು?

ಪ್ರಶ್ನೆ: ಘಟ್ಟದ ಪಂಚಾಯಿತಿ ಸದಸ್ಯೆ

ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮಲ್ಲಿ ಒಣಕಸ ವಿಂಗಡಿಸುವ ಸ್ವಚ್ಛ ಸಂಕೀರ್ಣದ ಕಟ್ಟಡವಿದೆ, ಕಸ ತರುವ ಸ್ವಚ್ಛವಾಹಿನಿ ಗಾಡಿಯಿದೆ, ಸಂಜೀವಿನಿ ಎಂಬ ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳು ಮನೆಮನೆಯಿಂದ ಒಣಕಸ ತಂದು ಶ್ರದ್ಧೆಯಿಂದ ವಿಂಗಡಿಸುತ್ತಿದ್ದಾರೆ. ತೊಂದರೆ ಶುರುವಾಗುವುದು ವಿಂಗಡಣೆ ಮುಗಿದ ಮೇಲೆ. ರಟ್ಟು, ಹಾಲಿನ ಕವರ್, ನೀರಿನ ಬಾಟಲಿ, ತಗಡು ಇವಕ್ಕೆ ಗುಜರಿಯವರು ತಾವೇ ಬಂದು, ತೂಗಿ, ಹಣ ಕೊಟ್ಟು ಒಯ್ಯುತ್ತಾರೆ. ಯಾರೂ ಮುಟ್ಟದೆ ಉಳಿಯುವುದು ಮೂರು ರಾಶಿ: ಒಳಮೈ ಬೆಳ್ಳಿಯಂತೆ ಹೊಳೆಯುವ ಚಿಪ್ಸ್, ಶಾಂಪೂ, ಪಾನ್ ಮಸಾಲಾ ಪೊಟ್ಟಣಗಳು, ಅಗ್ಗದ ಮದ್ಯದ ಟೆಟ್ರಾ ಪ್ಯಾಕ್‌ಗಳು, ಮತ್ತು ಕ್ವಾರ್ಟರ್ ಬಾಟಲಿಗಳು. ಟೆಟ್ರಾ ಪ್ಯಾಕ್‌ನ ತಳದಲ್ಲಿ ಉಳಿದ ಗುಟುಕು ಹುಳಿತು, ಮಳೆಗಾಲದಲ್ಲಿ ಷೆಡ್ಡಿನೊಳಗೆ ನಿಲ್ಲುವುದೇ ಕಷ್ಟವಾಗುತ್ತದೆ. ಹೋಮ್‌ಸ್ಟೇಗಳಿಗೆ ಬಂದವರು ರಸ್ತೆಬದಿಗೆ ಎಸೆದ ಬಾಟಲಿಯ ಕತ್ತು ಕಾಫಿ ತೋಟದ ದರಗಿನಡಿ ಸೇರಿ, ಚಿಗುರು ಕಸಿ (ಬೇಡದ ಚಿಗುರು ತೆಗೆಯುವ ಕೆಲಸ) ಮಾಡಲು ಹೋದ ಆಳುಗಳ ಅಂಗಾಲು ಸೀಳುವುದು ನಮ್ಮಲ್ಲಿ ಸುದ್ದಿಯೇ ಅಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಈ ಬಗ್ಗೆ ಒಂದು ನಿರ್ಣಯ ಮಾಡಿ ಸರ್ಕಾರಕ್ಕೆ ಕಳುಹಿಸಬೇಕೆಂದಿದ್ದೇವೆ. ಆದರೆ ‘ಸರ್ಕಾರ’ ಎಂದರೆ ಯಾರೆಂಬುದೇ ತಿಳಿಯುತ್ತಿಲ್ಲ. ನಾವು ವಿಚಾರಿಸಿದ ಕಚೇರಿಗಳಲ್ಲಿ ಪ್ರತಿಯೊಬ್ಬರೂ ಸೌಜನ್ಯದಿಂದಲೇ ಇನ್ನೊಂದು ಕಚೇರಿಯ ಕಡೆಗೆ ಕೈ ತೋರಿಸಿದರು. 2025ರ ಮಾರ್ಚ್‌ನಲ್ಲಿ ಜೈಪುರದಲ್ಲಿ ಏಷ್ಯಾ ಪೆಸಿಫಿಕ್ ದೇಶಗಳ ವೃತ್ತಾಕಾರದ ಆರ್ಥಿಕತೆಯ ವೇದಿಕೆ ಸೇರಿ ಘೋಷಣೆಯೊಂದನ್ನು ಹೊರಡಿಸಿದ ಸುದ್ದಿ ಓದಿದೆ. ಬಳಸಿದ ವಸ್ತು ಕಸವಾಗದೆ ಮತ್ತೆ ಕಚ್ಚಾವಸ್ತುವಾಗಿ ಹಿಂದಿರುಗಬೇಕೆಂಬ ಆಶಯದ ಬಗ್ಗೆ ನಮ್ಮೂರಲ್ಲೂ ಯಾರ ತಕರಾರೂ ಇಲ್ಲ. ನನ್ನ ಪ್ರಶ್ನೆ ಚಿಕ್ಕದು: ನಮ್ಮ ಷೆಡ್ಡಿನ ಈ ಮೂರು ರಾಶಿಗಳ ಭವಿಷ್ಯ ಯಾವ ಅಧಿಕಾರಿಯ ಸಹಿಯಲ್ಲಿದೆ? ಪರಿಸರ ಸಚಿವರೇ, ಮಾಲಿನ್ಯ ನಿಯಂತ್ರಣ ಮಂಡಳಿಯೇ, ಜಿಲ್ಲಾಧಿಕಾರಿಯೇ, ಇಲ್ಲವೇ ನಮಗೆ ಹೆಸರೇ ಗೊತ್ತಿಲ್ಲದ ಇನ್ನಾರೋ? ಆಡಳಿತದ ಒಳಗುಟ್ಟು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಪಂಚಾಯತ್ ರಾಜ್ ಅಧಿಕಾರಿ

ನಿಮ್ಮ ಮೂರು ರಾಶಿಗಳಿಗೆ ಮೂವರು ಬೇರೆ ಬೇರೆ ಒಡೆಯರಿದ್ದಾರೆ. ಒಂದೇ ಮನವಿ ಬರೆದರೆ ಅದು ಎಲ್ಲೂ ನಿಲ್ಲುವುದಿಲ್ಲ. ನನಗೆ ತಿಳಿದಿರುವುದು ಗ್ರಾಮೀಣಾಭಿವೃದ್ಧಿ ಇಲಾಖೆಯ ಕಡೆಯ ಸಂಗತಿ, ಅಷ್ಟನ್ನು ಹೇಳುತ್ತೇನೆ.

ಗ್ರಾಮ ಪಂಚಾಯಿತಿಗಳು ಪ್ಲಾಸ್ಟಿಕ್ ಕಸದ ಹೊಣೆಗೆ ಸಿಲುಕಿದ್ದು 2016ರ ಮಾರ್ಚ್ 18ರಂದು ಕೇಂದ್ರ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಂದ. ಅದಕ್ಕೆ ಮೊದಲು ಈ ನಿಯಮಗಳು ನಗರಗಳ ಮಟ್ಟಿಗೆ ಮಾತ್ರ ಇದ್ದವು. ಹೊಣೆ ಬಂದ ಮೇಲೆ ಹಣ ಬಂದಿದ್ದು ತಡವಾಗಿ, ಅದೂ ಒಂದು ವಿಚಿತ್ರ ರೀತಿಯಲ್ಲಿ. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ ಎರಡನೇ ಹಂತದಲ್ಲಿ ಘನತ್ಯಾಜ್ಯಕ್ಕೆ 5,000 ಜನಸಂಖ್ಯೆಯವರೆಗಿನ ಗ್ರಾಮಕ್ಕೆ ತಲಾ 60 ರೂಪಾಯಿ, ಅದಕ್ಕಿಂತ ದೊಡ್ಡ ಗ್ರಾಮಕ್ಕೆ ತಲಾ 45 ರೂಪಾಯಿ ಎಂದು ನಿಗದಿಯಾಯಿತು. ಪ್ಲಾಸ್ಟಿಕ್ ನಿರ್ವಹಣಾ ಘಟಕಕ್ಕೆ ತಾಲ್ಲೂಕಿಗೆ 16 ಲಕ್ಷ ರೂಪಾಯಿವರೆಗೆ ಅವಕಾಶ ಕೊಟ್ಟರು. ಈ ಅಂಕಿಗಳನ್ನು ಗಮನವಿಟ್ಟು ನೋಡಿ. ಎಲ್ಲವೂ ಕಟ್ಟಡ, ಗಾಡಿ, ಯಂತ್ರಕ್ಕೆ ಒಮ್ಮೆ ಸಿಗುವ ಹಣ. ಪ್ರತಿ ತಿಂಗಳು ಲಾರಿಗೆ ಡೀಸೆಲ್ ಹಾಕಿಸಲು, ವಿಂಗಡಿಸುವವರಿಗೆ ಗೌರವಧನ ಕೊಡಲು ಇರುವುದು ಮನೆಗಳಿಂದ ಬರುವ ಬಳಕೆದಾರರ ಶುಲ್ಕ, ಕಸ ಮಾರಿದ ಹಣ ಮತ್ತು ಹಣಕಾಸು ಆಯೋಗದ ಅನುದಾನ. ಹದಿನೈದನೇ ಹಣಕಾಸು ಆಯೋಗವು 2021–26ರ ಅವಧಿಗೆ ಪಂಚಾಯಿತಿಗಳ ಅನುದಾನದಲ್ಲಿ ಶೇ 60ರಷ್ಟನ್ನು ಗೊತ್ತುಪಡಿಸಿದ ಕೆಲಸಗಳಿಗೇ ಬಳಸಬೇಕಾದ ಕಟ್ಟುಪಾಡಿನ ಹಣವೆಂದು ಮಾಡಿ, ಅದರಲ್ಲಿ ಅರ್ಧವನ್ನು ನೈರ್ಮಲ್ಯಕ್ಕೆ ಮೀಸಲಿಟ್ಟಿತು. ಹೀಗೆ ಯೋಜನೆಯ ಮಾರ್ಗಸೂಚಿಯಲ್ಲಿ ಒಂದು ಅಂಕಿಯನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ತೀರ್ಮಾನಿಸಿದ ಅಧಿಕಾರಿ, ನಿಮ್ಮ ಊರಲ್ಲಿ ಷೆಡ್ಡು ಎದ್ದರೂ ಲಾರಿ ಹೊರಡದಿರುವ ಪರಿಸ್ಥಿತಿಯನ್ನು ತನಗರಿವಿಲ್ಲದೆಯೇ ರೂಪಿಸಿದ್ದಾನೆ.

ಇದಕ್ಕೆ ಜಿಲ್ಲಾ ಮಟ್ಟದಲ್ಲಿ ಸಾಧ್ಯವಿರುವ ಪರಿಹಾರ ನಿಮ್ಮ ನೆರೆಯ ಉಡುಪಿ ಜಿಲ್ಲೆಯಲ್ಲೇ ಕಾಣಸಿಗುತ್ತದೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ವಿಂಗಡಿಸಬಲ್ಲ ಘಟಕವೊಂದಿದ್ದು, ಸುತ್ತಲಿನ ಹತ್ತಾರು ಪಂಚಾಯಿತಿಗಳ ಕಸ ಅಲ್ಲಿಗೆ ಹೋಗುತ್ತದೆ. ಅದಕ್ಕೂ ಮೊದಲು ಕುಂದಾಪುರ ಕಡೆಯ ವಂಡ್ಸೆ ಪಂಚಾಯಿತಿ ಹಳ್ಳಿಯ ಹೆಣ್ಣುಮಕ್ಕಳೇ ನಡೆಸುವ ಘಟಕದಿಂದ ಹೆಸರು ಮಾಡಿತ್ತು. ಒಂದು ಪಂಚಾಯಿತಿಯ ಬಹುಪದರದ ಪೊಟ್ಟಣ, ಅಂದರೆ ನೀವು ಹೇಳಿದ ಬೆಳ್ಳಿ ಪೊಟ್ಟಣ, ಲಾರಿಯ ಒಂದು ಮೂಲೆಗೂ ಸಾಲುವುದಿಲ್ಲ. ನಲವತ್ತು ಪಂಚಾಯಿತಿಗಳದ್ದು ಸೇರಿದರೆ ಸಾಗಣೆಗೆ ಅರ್ಥ ಬರುತ್ತದೆ. ಪಂಚಾಯಿತಿಗಳನ್ನು ಹೀಗೆ ಗುಂಪು ಮಾಡುವ, ಜಾಗ ಕೊಡಿಸುವ, ನಿರ್ವಹಣೆಯ ಟೆಂಡರ್ ಕರೆಯುವ ಅಧಿಕಾರ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ (ಸಿಇಒ) ಕೈಯಲ್ಲಿದೆ. ಮನವಿಯಲ್ಲಿ ಒಂದು ವಿಷಯವನ್ನು ಮರೆಯದೆ ಕೇಳಿ: ಒಪ್ಪಂದ ಹಲವು ವರ್ಷಗಳದ್ದಾಗಿರಲಿ, ಪ್ರತಿ ಪಂಚಾಯಿತಿಯ ಪಾಲಿನ ಹಣ ಅದರಲ್ಲೇ ನಮೂದಾಗಿರಲಿ. ಉತ್ಸಾಹಿ ಸಿಇಒ ಇದ್ದಾಗ ಹೂವಿನಂತೆ ನಡೆದು, ವರ್ಗಾವಣೆಯ ಆದೇಶ ಬಂದ ತಿಂಗಳೇ ಬೀಗ ಬಿದ್ದ ಘಟಕಗಳನ್ನು ಸೇವಾವಧಿಯಲ್ಲಿ ಸಾಕಷ್ಟು ನೋಡಿದ್ದೇನೆ.

ಉತ್ತರ 2: ತುಮಕೂರು ರಸ್ತೆಯ ಗುಜರಿ ವ್ಯಾಪಾರಿ

ಹಿರಿಯರ ಮಾತಿಗೆ ಪೂರಕವಾಗಿ ಮಾರುಕಟ್ಟೆಯ ಕಡೆಯಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಒಟ್ಟುಗೂಡಿಸುವುದರಿಂದ ಸಾಗಣೆ ಅಗ್ಗವಾಗುತ್ತದೆಯೇ ಹೊರತು ಬೆಲೆಯಿಲ್ಲದ ವಸ್ತುವಿಗೆ ಬೆಲೆ ಹುಟ್ಟುವುದಿಲ್ಲ.

ನಮ್ಮ ಗೋದಾಮಿನಲ್ಲಿ ವಿಂಗಡಿಸುವ ಹೆಣ್ಣುಮಕ್ಕಳು ಕವರನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಹೊಸಕುತ್ತಾರೆ. ಮೆತ್ತಗೆ ಮಡಚಿಕೊಂಡರೆ ಹಾಲಿನ ಕವರಿನ ಜಾತಿ, ಕರಕರ ಸದ್ದು ಮಾಡಿದರೆ ಇನ್ನೊಂದು ಜಾತಿ. ಎರಡಕ್ಕೂ ಬೇರೆ ಬೇರೆ ಗಿರಾಕಿಗಳಿದ್ದಾರೆ. ಒಳಗೆ ಬೆಳ್ಳಿ ಮಿಂಚಿತೋ, ಅದನ್ನು ಕೇಳುವವರಿಲ್ಲ. ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ, ಅದರ ಮೇಲೆ ಮತ್ತೆ ಪ್ಲಾಸ್ಟಿಕ್ ಹೀಗೆ ಅಂಟಿಸಿದ ಪದರಗಳನ್ನು ಬಿಡಿಸಿ ಲಾಭ ಕಂಡವರನ್ನು ನಾನು ನೋಡಿಲ್ಲ. ಕೊನೆಗೆ ಅದು ಒತ್ತಿ ಕಟ್ಟಿದ ಬೇಲ್ ಆಗಿ ಕಲಬುರಗಿ ಸೀಮೆಯಂಥ ದೂರದ ಸಿಮೆಂಟ್ ಕಾರ್ಖಾನೆಗಳ ಕುಲುಮೆ ಸೇರುತ್ತದೆ; ಮಾರಾಟ ಹೋಗಲಿ, ಲಾರಿ ಬಾಡಿಗೆಯನ್ನು ಕಳುಹಿಸುವವರೇ ತೆರಬೇಕಾಗುತ್ತದೆ. ಟೆಟ್ರಾ ಪ್ಯಾಕ್ ಅಷ್ಟು ಕೆಟ್ಟದ್ದಲ್ಲ. ಅದರಲ್ಲಿ ಸುಮಾರು ಮುಕ್ಕಾಲು ಭಾಗ ಒಳ್ಳೆಯ ರಟ್ಟು ಇರುವುದರಿಂದ ಕಾಗದದ ಗಿರಣಿಯಲ್ಲಿ ನೀರಲ್ಲಿ ಕಲಸಿ ನಾರನ್ನು ಬೇರ್ಪಡಿಸುತ್ತಾರೆ, ಉಳಿದ ಪಾಲಿಥೀನ್ ಮತ್ತು ಅಲ್ಯೂಮಿನಿಯಂ ಸೇರಿಸಿ ಹಲಗೆ, ಸೂರಿನ ಹಾಳೆ ಒತ್ತುತ್ತಾರೆ. ಆದರೆ ನೀವು ಹೇಳಿದಂತೆ ಹುಳಿತ ಮಾಲನ್ನು ಯಾರೂ ಎತ್ತುವುದಿಲ್ಲ. ಒಮ್ಮೆ ನೀರು ಕುಲುಕಿ, ಚಪ್ಪಟೆ ಮಾಡಿ ಒಣಗಿಸಿದರೆ ಕೇಳುವವರು ಸಿಗಬಹುದು. ಬಾಟಲಿಯಲ್ಲೂ ವ್ಯತ್ಯಾಸವಿದೆ. ಬಿಯರ್ ಬಾಟಲಿ ತೊಳೆದು ಮತ್ತೆ ತುಂಬಿಸುವ ಪದ್ಧತಿ ಹಿಂದಿನಿಂದ ಇರುವುದರಿಂದ ಅದಕ್ಕೆ ಇಂದಿಗೂ ಬೆಲೆ ಉಂಟು. ಕ್ವಾರ್ಟರ್ ಬಾಟಲಿಗೆ ಅಂಥ ದಾರಿಯಿಲ್ಲ, ಒಡೆದ ಗಾಜಿನ ಬೆಲೆಗಿಂತ ಅದರ ಸಾಗಣೆಯೇ ದುಬಾರಿ.

ಅಧಿಕಾರಿಗಳ ವಿಷಯಕ್ಕೆ ಬರುತ್ತೇನೆ. ನಮ್ಮ ವ್ಯಾಪಾರದ ಮೇಲೆ ಅತಿ ದೊಡ್ಡ ಪರಿಣಾಮ ಮಾಡಿದ ‘ಪರಿಸರ ನೀತಿ’ ಪರಿಸರ ಇಲಾಖೆಯಿಂದ ಬಂದಿದ್ದಲ್ಲ. 2021ರ ಅಕ್ಟೋಬರ್ 1ರಿಂದ ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿಎಸ್‌ಟಿಯನ್ನು ಶೇ 5ರಿಂದ 18ಕ್ಕೆ ಏರಿಸಿದ ಜಿಎಸ್‌ಟಿ ಮಂಡಳಿಯ ತೀರ್ಮಾನ ಅದು. ಲೆಕ್ಕಪತ್ರ ಇಟ್ಟುಕೊಂಡ ದೊಡ್ಡ ಕಂಪನಿಗೆ ಕಟ್ಟಿದ ತೆರಿಗೆ ಮುಂದೆ ಸರಿದೂಗುತ್ತದೆ. ಚೀಲ ಹೊತ್ತು ಆಯುವವನಿಂದ ನಗದು ಕೊಟ್ಟು ಕೊಳ್ಳುವ ಸಣ್ಣವನಿಗೆ ಅದು ಬರೀ ಹೊರೆ, ಆ ಹೊರೆ ಕೊನೆಗೆ ಆಯುವವನ ಕೆ.ಜಿ. ಬೆಲೆಯಲ್ಲೇ ಕಡಿತವಾಗುತ್ತದೆ.

ಎರಡನೆಯದು ಇಪಿಆರ್ ಎನ್ನುವ ಉತ್ಪಾದಕರ ಹೊಣೆಗಾರಿಕೆ. 2022ರ ಫೆಬ್ರುವರಿ 16ರ ಮಾರ್ಗಸೂಚಿಯ ಪ್ರಕಾರ ಪೊಟ್ಟಣ ಹೊರಬಿಟ್ಟ ಕಂಪನಿ ಅಷ್ಟೇ ತೂಕದ ಕಸದ ಸಂಸ್ಕರಣೆಗೆ ಪ್ರಮಾಣಪತ್ರ ತೋರಿಸಬೇಕು. ಕೇಳಲು ಸೊಗಸಾಗಿದೆ. ಆದರೆ ಆ ಪ್ರಮಾಣಪತ್ರ ಹುಟ್ಟುವುದು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿದ ಸಂಸ್ಕರಣಾ ಘಟಕದಲ್ಲಿ ಮಾತ್ರ. ಮನೆ ಬಾಗಿಲಲ್ಲಿ ಕಸ ಎತ್ತಿದ ನಿಮ್ಮ ಒಕ್ಕೂಟಕ್ಕಾಗಲಿ, ಬಿಸಿಲಲ್ಲಿ ಆಯ್ದವನಿಗಾಗಲಿ ಅದರಲ್ಲಿ ಪಾಲು ಸಿಗಲೇಬೇಕೆಂಬ ಕಟ್ಟಳೆಯಿಲ್ಲ. ಕಾಗದಕ್ಕೆ ಬೆಲೆ ಬಂದ ಕೂಡಲೇ ಕಾಗದವೇ ತಯಾರಾಗತೊಡಗಿತು: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ತಪಾಸಣೆ ನಡೆಸಿದಾಗ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳು ಸಿಕ್ಕಿಬಿದ್ದವು, ಸಿಕ್ಕಿಬಿದ್ದ ಘಟಕಗಳಲ್ಲಿ ನಮ್ಮ ರಾಜ್ಯದವೂ ಇದ್ದವು. ನಕಲಿ ಪತ್ರ ಅಗ್ಗಕ್ಕೆ ಸಿಗುವಾಗ ಅಸಲಿ ಕಸಕ್ಕೆ ಹೆಚ್ಚು ಕೊಡುವವರು ಯಾರು? ಇ-ತ್ಯಾಜ್ಯದ ವಿಷಯದಲ್ಲಿ ಅಧಿಕಾರಿಗಳು ಇನ್ನೊಂದು ಹೆಜ್ಜೆ ಮುಂದಿಟ್ಟು, ಸಂಸ್ಕರಿಸುವವರಿಗೆ ಕೆ.ಜಿ.ಗೆ ಕನಿಷ್ಠ 22 ರೂಪಾಯಿ ಸಿಗಬೇಕೆಂದು 2024ರಲ್ಲಿ ಗೊತ್ತುಮಾಡಿದರು; ಕೂಡಲೇ ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಬೆಲೆ ನಿಗದಿ ಮಾಡುವ ಆ ಒಂದು ಸಾಲಿನಲ್ಲಿ ಎಷ್ಟು ಅಧಿಕಾರ ಅಡಗಿದೆ ಎಂಬುದು ಕಂಪನಿಗಳಿಗೆ ಚೆನ್ನಾಗಿ ತಿಳಿದಿದೆ.

ಉತ್ತರ 3: ಬೆಂಗಳೂರಿನ ಓದುಗ

ಅಧಿಕಾರಿಗಳು ನೀತಿ ರೂಪಿಸುತ್ತಾರೆ ಎಂಬ ಮಾತನ್ನೇ ನಾನು ಪೂರ್ತಿ ಒಪ್ಪಲಾರೆ. ಬೆಂಗಳೂರಿನ ಕಸದ ಚರಿತ್ರೆಯನ್ನು ನೋಡಿದರೆ ಅಧಿಕಾರಿಗಳನ್ನು ದಾರಿಗೆ ತಂದವರು ಹಳ್ಳಿಯ ಜನ ಮತ್ತು ನ್ಯಾಯಾಲಯ. 2012ರಲ್ಲಿ ಮಾವಳ್ಳಿಪುರದ ಭೂಭರ್ತಿ (ನಗರದ ಕಸ ಸುರಿಯುವ ಜಾಗ) ಮುಚ್ಚಿದ ಮೇಲೆ ನಗರ ವಾರಗಟ್ಟಲೆ ನಾರಿತು. 2014ರಲ್ಲಿ ಮಂಡೂರಿನವರು ಲಾರಿಗಳನ್ನು ತಡೆದು ನಿಂತರು, ಆ ವರ್ಷದ ಕೊನೆಗೆ ಅಲ್ಲಿಗೂ ಕಸ ಹೋಗುವುದು ನಿಂತಿತು. ಹಸಿ ಕಸಕ್ಕೊಂದು, ತಿರಸ್ಕೃತ ಕಸಕ್ಕೊಂದು ಎಂದು ಎರಡು ಬುಟ್ಟಿ, ಒಣಕಸಕ್ಕೆ ಒಂದು ಚೀಲ ಎಂಬ ಪದ್ಧತಿ ನಮ್ಮ ಮನೆಗಳಿಗೆ ಬಂದಿದ್ದು 2015ರ ಡಿಸೆಂಬರ್‌ನ ಹೈಕೋರ್ಟ್ ಆದೇಶದಿಂದ. ಅದಕ್ಕೂ ಹಿಂದೆ, ದೇಶದ ಮೊದಲ ಘನತ್ಯಾಜ್ಯ ನಿಯಮಗಳು 2000ದಲ್ಲಿ ಹೊರಬಂದದ್ದು ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯ ಒತ್ತಡದಲ್ಲಿ. ಚಿಂದಿ ಆಯುವವರಿಗೆ 2011ರಿಂದ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿದ್ದರ ಹಿಂದೆಯೂ ಅವರ ಪರವಾಗಿ ಸಂಘಟನೆಗಳು ನಡೆಸಿದ ಹೋರಾಟವಿದೆ. ನೀವು ಮನವಿ ಬರೆಯಿರಿ, ಬೇಡವೆನ್ನುವುದಿಲ್ಲ. ಆದರೆ ಅದರ ಒಂದು ಪ್ರತಿ ಒಳ್ಳೆಯ ವಕೀಲರ ಕೈಯಲ್ಲೂ ಇರಲಿ.

ಉತ್ತರ 4: ಧಾರವಾಡದ ವಕೀಲ

ಮೇಲಿನವರು ವಕೀಲರನ್ನು ನೆನೆದದ್ದಕ್ಕೆ ಸಂತೋಷ. ಆದರೂ ನ್ಯಾಯಾಲಯ ಹೇಳುವುದು ‘ನಿಯಮವನ್ನು ಪಾಲಿಸಿ’ ಎಂದು. ಆ ನಿಯಮದೊಳಗೆ ಏನು ಬರೆದಿದೆ ಎಂಬುದನ್ನು ಅದಕ್ಕೂ ಮೊದಲೇ ಒಬ್ಬ ಜಂಟಿ ಕಾರ್ಯದರ್ಶಿಯೋ ನಿರ್ದೇಶಕರೋ ತೀರ್ಮಾನಿಸಿರುತ್ತಾರೆ. ಒಂದು ಉದಾಹರಣೆ ಕೊಡುತ್ತೇನೆ, ಅದು ಪ್ರಶ್ನೆ ಕೇಳಿದವರ ಮೊದಲ ರಾಶಿಗೇ ಸಂಬಂಧಿಸಿದ್ದು.

2016ರ ಪ್ಲಾಸ್ಟಿಕ್ ನಿಯಮಗಳಲ್ಲಿ, ಮರುಬಳಕೆ ಮಾಡಲಾಗದ ಬಹುಪದರದ ಪ್ಲಾಸ್ಟಿಕ್‌ನ ತಯಾರಿಕೆ ಮತ್ತು ಬಳಕೆಯನ್ನು ಎರಡು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಬೇಕು ಎಂದಿತ್ತು. ಆ ಎರಡು ವರ್ಷ ತುಂಬುವ ಹೊತ್ತಿಗೆ, 2018ರ ಮಾರ್ಚ್‌ನಲ್ಲಿ, ಒಂದು ತಿದ್ದುಪಡಿ ಬಂತು. ಮರುಬಳಕೆ ಮಾಡಲಾಗದ ಎಂಬುದರ ಜೊತೆಗೆ, ಶಕ್ತಿಯನ್ನೂ ಪಡೆಯಲಾಗದ, ಪರ್ಯಾಯ ಉಪಯೋಗವೂ ಇಲ್ಲದ ಎಂಬ ಮಾತುಗಳು ಸೇರಿಕೊಂಡವು. ಸಿಮೆಂಟ್ ಕುಲುಮೆಯಲ್ಲಿ ಉರಿಯದ ಪ್ಲಾಸ್ಟಿಕ್ ಯಾವುದಿದೆ? ಉರಿಯುವುದೆಲ್ಲ ಶಕ್ತಿ ಕೊಡುವ ವಸ್ತುವೇ ಆದ್ದರಿಂದ, ಆ ಕೆಲವೇ ಪದಗಳಿಂದ ನಿಷೇಧಿಸಲು ಏನೂ ಉಳಿಯಲಿಲ್ಲ. ಸಂಸತ್ತಿನಲ್ಲಿ ಕಾಯ್ದೆಯ ತಿದ್ದುಪಡಿಗೆ ನಡೆಯುವಂಥ ಚರ್ಚೆ, ಮತದಾನ ಇಂಥದಕ್ಕೆ ಬೇಕಿಲ್ಲ, ಅಧಿಸೂಚನೆ ಸಾಕು. ನಿಮ್ಮ ಷೆಡ್ಡಿನ ಬೆಳ್ಳಿ ಪೊಟ್ಟಣಗಳು ಇಂದು ಕಾನೂನುಬದ್ಧವಾಗಿ ಅಂಗಡಿಯ ಬಾಗಿಲಲ್ಲಿ ತೂಗುತ್ತಿದ್ದರೆ ಅದಕ್ಕೆ ಆ ಸಾಲು ಕಾರಣ. ಪಾನ್ ಮಸಾಲಾ, ಗುಟ್ಕಾ, ತಂಬಾಕಿಗೆ ಮಾತ್ರ ಪ್ಲಾಸ್ಟಿಕ್ ಪೊಟ್ಟಣ ಬಳಸಬಾರದೆಂದು ಅದೇ ನಿಯಮಗಳಲ್ಲಿ ಸ್ಪಷ್ಟವಾಗಿದೆ. ಅಂಥವು ನಿಮಗೆ ಸಿಗುತ್ತಿದ್ದರೆ ಅದು ನೀತಿಯ ಲೋಪವಾಗದೆ ಜಾರಿಯ ಲೋಪವಾಗುತ್ತದೆ, ಆ ದೂರು ಬೇರೆಯಾಗಿಯೇ ಹೋಗಬೇಕು.

ನಮ್ಮ ರಾಜ್ಯದ್ದೂ ಇದೇ ಕಥೆ. ಕೇಂದ್ರದ ನಿಯಮಗಳಿಗೆ ಒಂದು ವಾರ ಮೊದಲು, 2016ರ ಮಾರ್ಚ್ 11ರಂದು, ಕರ್ನಾಟಕ ಸರ್ಕಾರ ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಕಲಮಿನಡಿ ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟಗಳ ಮೇಲೆ ದಿಟ್ಟ ನಿಷೇಧ ಹೇರಿತು. ಹಲವು ರಾಜ್ಯಗಳು ಆಗಿನ್ನೂ ಅಂಥ ಧೈರ್ಯ ಮಾಡಿರಲಿಲ್ಲ, ಆ ಶ್ರೇಯಸ್ಸನ್ನು ಕೊಡಲೇಬೇಕು. ಆದರೆ ಕಾರ್ಖಾನೆಯಲ್ಲೇ ಸರಕು ತುಂಬಿ ಮೊಹರು ಮಾಡಿ ಬರುವ ಪೊಟ್ಟಣಗಳನ್ನು ಹೊರಗಿಟ್ಟರು. ತರಕಾರಿ ಮಾರುವವಳ ಕವರಿಗೆ ದಂಡ ಬಿತ್ತು, ಚಿಪ್ಸಿನ ಪೊಟ್ಟಣ ವಿನಾಯಿತಿಯ ಸಾಲಿನಲ್ಲಿ ಸುರಕ್ಷಿತವಾಗಿ ಕುಳಿತಿತು.

ಇನ್ನು ‘ಯಾವ ಅಧಿಕಾರಿ’ ಎಂಬುದು. ವೃತ್ತಾಕಾರದ ಆರ್ಥಿಕತೆಗಾಗಿ ಕೇಂದ್ರ ಸರ್ಕಾರ 2021ರಲ್ಲಿ 11 ಸಮಿತಿಗಳನ್ನು ಮಾಡಿದಾಗ ಅವನ್ನೆಲ್ಲ ಪರಿಸರ ಸಚಿವಾಲಯದ ಕೈಗೆ ಒಪ್ಪಿಸಲಿಲ್ಲ. ಲೋಹದ ಗುಜರಿ ಉಕ್ಕು ಸಚಿವಾಲಯಕ್ಕೆ ಹೋಯಿತು, ಸೌರಫಲಕ ನವೀಕರಿಸಬಹುದಾದ ಇಂಧನ ಸಚಿವಾಲಯಕ್ಕೆ, ಇ-ತ್ಯಾಜ್ಯ ಎಲೆಕ್ಟ್ರಾನಿಕ್ಸ್ ಸಚಿವಾಲಯಕ್ಕೆ. ವಸ್ತುವನ್ನು ಹುಟ್ಟಿಸುವ, ಕೊಳ್ಳುವ, ತೆರಿಗೆ ಹಾಕುವ ಇಲಾಖೆಯೇ ಅದರ ಮರಳುವಿಕೆಯನ್ನೂ ನೋಡಿಕೊಳ್ಳಬೇಕೆಂಬ ಈ ಯೋಚನೆ ನನಗೆ ಸರಿಯೆನಿಸುತ್ತದೆ. ನಿಮ್ಮ ಮದ್ಯದ ರಾಶಿಗಳ ವಿಷಯದಲ್ಲಿ ಅದೇ ದಾರಿ ಹಿಡಿಯಿರಿ, ಅಂದರೆ ಅಬಕಾರಿ ಮತ್ತು ಹಣಕಾಸು ಇಲಾಖೆಗಳ ಬಾಗಿಲು ತಟ್ಟಿ.

ಇದಕ್ಕೆ ನಿಮ್ಮ ಪಕ್ಕದಲ್ಲೇ ಮಾದರಿಯಿದೆ. ತಮಿಳುನಾಡಿನ ನೀಲಗಿರಿಯಲ್ಲಿ ಕಾಡಿನೊಳಗೆ ಬೀಳುವ ಬಾಟಲಿಗಳು ಆನೆಗಳ ಕಾಲು ಸೀಳುತ್ತಿವೆ ಎಂಬ ವಿಚಾರ ಮದ್ರಾಸ್ ಹೈಕೋರ್ಟಿನ ಮುಂದೆ ಬಂದು, 2022ರ ಮೇ ತಿಂಗಳಿಂದ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಮರಳಿಸುವ ಪದ್ಧತಿ ಶುರುವಾಯಿತು. ಬಾಟಲಿಗೆ ಚೀಟಿ ಅಂಟಿಸಿ ಗುರುತಿಟ್ಟರು. ಬಹುಪಾಲು ಬಾಟಲಿಗಳು ಮರಳಿ ಬಂದವು, ಪದ್ಧತಿ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಕುಡಿದವನು ಎಸೆದರೂ ಆ ಹತ್ತು ರೂಪಾಯಿಗಾಗಿ ಇನ್ನೊಬ್ಬ ಹೆಕ್ಕುತ್ತಾನೆ ಎಂಬುದೇ ಅದರ ಜೀವಾಳ. ಕೇರಳದ ಪಾನೀಯ ನಿಗಮವೂ 2025ರ ಸೆಪ್ಟೆಂಬರ್‌ನಲ್ಲಿ ತಿರುವನಂತಪುರ, ಕಣ್ಣೂರುಗಳಲ್ಲಿ 20 ರೂಪಾಯಿಯ ಠೇವಣಿಯೊಂದಿಗೆ ಪ್ರಯೋಗ ಆರಂಭಿಸಿತು. ನೀಲಗಿರಿಯ ಆಡಳಿತಕ್ಕೆ ಇದರಲ್ಲಿ ಹಳೆಯ ಅನುಭವವೂ ಇತ್ತು: ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದ ಸುಪ್ರಿಯಾ ಸಾಹು ಪ್ಲಾಸ್ಟಿಕ್ ವಿರುದ್ಧ ದೊಡ್ಡ ಅಭಿಯಾನವನ್ನೇ ನಡೆಸಿದ್ದರು, ಮುಂದೆ ರಾಜ್ಯದ ಪರಿಸರ ಇಲಾಖೆಯ ಮುಖ್ಯಸ್ಥೆಯಾದಾಗ ಅದನ್ನೇ ಬಟ್ಟೆಚೀಲದ ‘ಮಂಜಪ್ಪೈ’ ಅಭಿಯಾನವಾಗಿ ಇಡೀ ರಾಜ್ಯಕ್ಕೆ ವಿಸ್ತರಿಸಿದರು. ಒಬ್ಬ ಅಧಿಕಾರಿ ಒಂದೇ ವಿಷಯವನ್ನು ಇಷ್ಟು ದೀರ್ಘಕಾಲ ಹಿಡಿದುಕೊಳ್ಳುವುದು ನಮ್ಮ ವರ್ಗಾವಣೆಯ ವ್ಯವಸ್ಥೆಯಲ್ಲಿ ಅಪರೂಪ.

ಕರ್ನಾಟಕದಲ್ಲಿ ಒಂದು ತೊಡಕಿದೆ. ತಮಿಳುನಾಡು, ಕೇರಳಗಳಲ್ಲಿ ಚಿಲ್ಲರೆ ಅಂಗಡಿಯೂ ಸರ್ಕಾರದ್ದೇ ಆದ್ದರಿಂದ ಆದೇಶ ಕೊಟ್ಟರೆ ಸಾಕು. ನಮ್ಮಲ್ಲಿ 2003ರಿಂದ ಸಗಟು ವಿತರಣೆ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದ್ದರೂ, ರಾಜ್ಯ ಸರ್ಕಾರದ ಕಂಪನಿಯಾದ ಎಂಎಸ್‌ಐಎಲ್‌ನ ಮಳಿಗೆಗಳನ್ನು ಬಿಟ್ಟರೆ ಚಿಲ್ಲರೆ ಮಾರಾಟ ಖಾಸಗಿ ಸನ್ನದುದಾರರದ್ದು. ಆದ್ದರಿಂದ ಠೇವಣಿಯನ್ನು ಸನ್ನದಿನ ಷರತ್ತಾಗಿ ಸೇರಿಸಬೇಕಾಗುತ್ತದೆ, ಅದಕ್ಕೆ 1965ರ ಅಬಕಾರಿ ಕಾಯ್ದೆಯಡಿಯ ನಿಯಮಗಳಿಗೆ ತಿದ್ದುಪಡಿ ಬೇಕು. ಅನುಕೂಲವೂ ಒಂದಿದೆ: ಪ್ರತಿ ಬಾಟಲಿ, ಪ್ರತಿ ಟೆಟ್ರಾ ಪ್ಯಾಕ್ ನಿಗಮದ ಗೋದಾಮಿನ ಮೂಲಕವೇ ಹಾದು, ಅಬಕಾರಿ ಚೀಟಿ ಅಂಟಿಸಿಕೊಂಡೇ ಅಂಗಡಿಗೆ ಬರುತ್ತದೆ. ಲೆಕ್ಕವಿಡಲು ಹೊಸ ವ್ಯವಸ್ಥೆ ಕಟ್ಟಬೇಕಿಲ್ಲ. ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮೀರಿದ ಆದಾಯವನ್ನು ಇದೇ ಚೀಟಿಗಳ ಲೆಕ್ಕದಲ್ಲಿ ಎಣಿಸಿಕೊಳ್ಳುವ ಇಲಾಖೆಗೆ ಖಾಲಿ ಪ್ಯಾಕ್ ಎಣಿಸುವುದು ಅಸಾಧ್ಯವೆಂದರೆ ನಂಬುವುದು ಕಷ್ಟ.

ಮರುಪ್ರಶ್ನೆ: ಘಟ್ಟದ ಪಂಚಾಯಿತಿ ಸದಸ್ಯೆ

ಎಲ್ಲರಿಗೂ ಧನ್ಯವಾದಗಳು. ಅಬಕಾರಿ ಇಲಾಖೆಯ ಹೆಸರು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಈಗ ಎರಡು ಅನುಮಾನಗಳಿವೆ. ಠೇವಣಿ ಎಂದರೆ ಮದ್ಯದ ಬೆಲೆ ಏರಿಸಿದಂತೆ ಎಂದು ಗ್ರಾಮಸಭೆಯಲ್ಲೇ ಗದ್ದಲವಾಗುವುದು ಖಚಿತ. ಅದಕ್ಕೆ ಏನು ಹೇಳಬೇಕು? ಎರಡನೆಯದಾಗಿ, ಬಹುಪದರದ ಪೊಟ್ಟಣದ ನಿಯಮ ದೆಹಲಿಯಲ್ಲಿ ತಯಾರಾಗುವುದಾದರೆ ನಮ್ಮಂಥ ಪಂಚಾಯಿತಿಯ ಮಾತು ಅಲ್ಲಿಗೆ ತಲುಪುವ ದಾರಿ ಇದೆಯೇ, ಅಥವಾ ಅದನ್ನು ನಿರ್ಣಯದಲ್ಲಿ ಬರೆಯುವುದೇ ವ್ಯರ್ಥವೇ?

ಉತ್ತರ 5: ಧಾರವಾಡದ ವಕೀಲ

ಮೊದಲನೆಯದಕ್ಕೆ ಉತ್ತರ ಸುಲಭ. ಠೇವಣಿ ತೆರಿಗೆಯಲ್ಲ, ಖಾಲಿ ಪ್ಯಾಕ್ ಕೊಟ್ಟವನಿಗೆ ಪೂರ್ತಿ ಮರಳುತ್ತದೆ. ಮರಳಿ ಪಡೆಯದೆ ಉಳಿದ ಮೊತ್ತ ಯಾರಿಗೆ ಸೇರಬೇಕು ಎಂಬುದು ನಿಜವಾದ ಪ್ರಶ್ನೆ. ಅದು ಖಜಾನೆಗೆ ಹೋಗದೆ, ಕಸ ಹೆಕ್ಕಿದ ಪಂಚಾಯಿತಿಗೆ ಬರಬೇಕೆಂದು ನಿರ್ಣಯದಲ್ಲಿ ಸ್ಪಷ್ಟವಾಗಿ ಬರೆಯಿರಿ. ಇಡೀ ರಾಜ್ಯಕ್ಕೆ ಕೇಳಬೇಡಿ. ನಿಮ್ಮ ತಾಲ್ಲೂಕಿನ ಎಂಎಸ್‌ಐಎಲ್ ಮಳಿಗೆಗಳಿಂದ ಪ್ರಯೋಗ ಶುರುವಾಗಲಿ ಎಂದರೆ ಅಬಕಾರಿ ಆಯುಕ್ತರಿಗೆ ಒಪ್ಪಲು ದಾರಿ ಸಿಗುತ್ತದೆ.

ಎರಡನೆಯದು ಖಂಡಿತ ವ್ಯರ್ಥವಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ ನಿಯಮಗಳ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ 60 ದಿನಗಳ ಅವಕಾಶವಿರುತ್ತದೆ. 2024ರ ಡಿಸೆಂಬರ್‌ನಲ್ಲಿ ಗಾಜು, ಲೋಹ, ಕಾಗದದ ಪೊಟ್ಟಣಗಳಿಗೂ ಉತ್ಪಾದಕರ ಹೊಣೆ ವಿಧಿಸುವ ಕರಡು ಹೀಗೆಯೇ ಹೊರಬಂದಿತ್ತು. ಈ ದಿನಗಳಲ್ಲಿ ಕಂಪನಿಗಳ ಒಕ್ಕೂಟಗಳಿಂದ ಅಂಕಿಅಂಶ ಸಹಿತ ದಪ್ಪ ಕಡತಗಳು ಹೋಗುತ್ತವೆ. ಗ್ರಾಮ ಪಂಚಾಯಿತಿಯ ಮೊಹರಿರುವ ಒಂದು ಪುಟವಾದರೂ ಅದರೊಳಗೆ ಇರಬೇಕು. ರಾಜ್ಯದ ಮಟ್ಟದಲ್ಲಿ ನಿಮ್ಮ ಶಾಸಕರಿಂದ ಚುಕ್ಕೆ ಗುರುತಿನ ಪ್ರಶ್ನೆ ಕೇಳಿಸಿ: ಜಿಲ್ಲೆಯ ಪಂಚಾಯಿತಿಗಳು ಕಳುಹಿಸಿದ ಬಹುಪದರದ ಪ್ಲಾಸ್ಟಿಕ್‌ಗೆ ಯಾವ ಕಂಪನಿಗಳ ಹೆಸರಲ್ಲಿ ಪ್ರಮಾಣಪತ್ರ ನೀಡಲಾಗಿದೆ, ಅದರಿಂದ ಪಂಚಾಯಿತಿಗಳಿಗೆ ಬಂದ ಹಣವೆಷ್ಟು ಎಂದು. ಉತ್ತರ ಸದನದ ದಾಖಲೆಯಾಗುವುದರಿಂದ ಯಾರೋ ಒಬ್ಬ ಅಧಿಕಾರಿ ಕುಳಿತು ಲೆಕ್ಕ ಹಾಕಲೇಬೇಕಾಗುತ್ತದೆ.

ಇವೆಲ್ಲಕ್ಕೂ ಮೊದಲು ಒಕ್ಕೂಟದ ಹೆಣ್ಣುಮಕ್ಕಳಿಂದ ಒಂದು ತೂಕದ ಪುಸ್ತಕ ಬರೆಸಿ. ಮೂರು ರಾಶಿಗಳನ್ನು ಬೇರೆ ಬೇರೆ ತೂಗಿ, ಪೊಟ್ಟಣಗಳಲ್ಲಿ ಯಾವ ಬ್ರ್ಯಾಂಡಿನದು ಎಷ್ಟು, ಟೆಟ್ರಾ ಪ್ಯಾಕ್‌ಗಳ ಮೇಲಿನ ತಯಾರಕರ ಹೆಸರೇನು ಎಂದು ವಾರಕ್ಕೊಮ್ಮೆ ದಾಖಲಿಸಿದರೆ ಸಾಕು, ದಿನವೂ ಬೇಕಿಲ್ಲ. ಒಂದೆರಡು ತಿಂಗಳ ಲೆಕ್ಕ ಸಿಕ್ಕ ಮೇಲೆ ನಿರ್ಣಯದ ಕರಡನ್ನು ಇಲ್ಲಿ ಹಾಕಿ. ಜಿಲ್ಲಾ ಪಂಚಾಯಿತಿಗೆ ಹೋಗುವ ಭಾಗವನ್ನು ಮೊದಲ ಉತ್ತರ ಬರೆದ ಹಿರಿಯರು ನೋಡಲಿ, ಅಬಕಾರಿ ನಿಯಮಗಳ ಭಾಗವನ್ನು ನಾನು ತಿದ್ದಿಕೊಡುತ್ತೇನೆ.